ಪಕ್ಕದ ಸೀಟು

"ವಿಳಾಸ ಹೇಳಿ," ಎಂದರು ಡ್ರೈವಿಂಗ್ ಪರೀಕ್ಷೆಯ ಇನ್ಸ್‌ಪೆಕ್ಟರ್, ಕಾರಿನಲ್ಲಿ ಕೂತು ಬೆಲ್ಟ್ ಬಿಗಿದುಕೊಳ್ಳುತ್ತ.

"ನಿಮ್ಮನೇದೇ," ಎಂದಳು ಸ್ಟಿಯರಿಂಗ್ ಹಿಡಿದು ಕೂತಿದ್ದ ಅವರ ಹೆಂಡತಿ.

ಇನ್ಸ್‌ಪೆಕ್ಟರ್ ನಗಲಿಲ್ಲ. ಪರೀಕ್ಷೆಯ ಹೊತ್ತಿನಲ್ಲಿ ಅವರು ನಕ್ಕಿದ್ದನ್ನು ಕಂಡವರೇ ಇಲ್ಲ. ಇಂಡಿಕೇಟರ್ ಹಾಕುವುದು ಚೂರು ತಡವಾಯಿತೆಂದು ಮೇಲಧಿಕಾರಿಯ ಅಳಿಯನನ್ನೇ ಫೇಲು ಮಾಡಿ ಕಳಿಸಿದ ಆಸಾಮಿ. ಇವತ್ತು ಇನ್ನೊಬ್ಬ ಇನ್ಸ್‌ಪೆಕ್ಟರ್ ರಜೆ ಹಾಕಿದ್ದರಿಂದ ಹೆಂಡತಿಯ ಪರೀಕ್ಷೆ ಅವರ ಕೊರಳಿಗೇ ಬಂದು ಬಿದ್ದಿತ್ತು. ಭಾನುವಾರಗಳಂದು ಪಕ್ಕದಲ್ಲಿ ಕೂತು ಕಲಿಸಿದ್ದೂ ಇವರೇ. ಈಗ ಮುಖ ನೋಡಿದರೆ ಮಾತ್ರ ಆಕೆಯನ್ನು ಎಲ್ಲೂ ಕಂಡಂತಿರಲಿಲ್ಲ. ಮೈದಾನದ ಅಂಚಿನಲ್ಲಿ ಸರದಿ ಕಾಯುತ್ತಿದ್ದವರೆಲ್ಲ ಮುಸಿಮುಸಿ ನಗುತ್ತ ಇತ್ತಲೇ ನೋಡುತ್ತಿದ್ದರು. "ಬಿಡ್ರೀ, ಆಯಮ್ಮನ ಲೈಸೆನ್ಸು ಮನೇಲೇ ಆಗೋಗಿರುತ್ತೆ," ಎಂದು ಯಾರೋ ಅಂದಿದ್ದು ಕಾರಿನೊಳಕ್ಕೂ ಕೇಳಿಸಿತು. ಇನ್ಸ್‌ಪೆಕ್ಟರರ ಕಿವಿ ಕೆಂಪಾಯಿತು.

ಆಕೆಗೆ ಇದು ಹುಡುಗಾಟವಾಗಿರಲಿಲ್ಲ. ಔಷಧದ ಅಂಗಡಿಯೊಂದರ ಕಾರು ಓಡಿಸಿ ಮನೆಮನೆಗೆ ಔಷಧಿ ತಲುಪಿಸುವ ಕೆಲಸ ಸೋಮವಾರದಿಂದ ಆಕೆಗಾಗಿ ಕಾದಿತ್ತು. ಅಷ್ಟರೊಳಗೆ ಲೈಸೆನ್ಸ್ ಸಿಗದಿದ್ದರೆ ಅದು ಬೇರೆಯವರ ಪಾಲು. ಮದುವೆಯಾದ ಮೇಲೆ ತಾನಾಗಿಯೇ ಹುಡುಕಿಕೊಂಡ ಮೊದಲ ಕೆಲಸ ಅದು. ನಿದ್ದೆಗಣ್ಣಿನಲ್ಲಿ ಗಂಡನ ಮೊಣಕೈ ಹಿಡಿದು ಗೇರು ಬದಲಿಸಿದ್ದೂ ಉಂಟು.

ಕಾರು ಹೊರಟಿತು. ತಿರುವು, ಏರು, ಹಿಮ್ಮುಖ ಚಾಲನೆ, ಕಂಬಗಳ ನಡುವೆ ನಿಲ್ಲಿಸುವುದು, ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಂತೆ ಸಲೀಸಾಗಿ ಮುಗಿಯಿತು. ಇನ್ಸ್‌ಪೆಕ್ಟರ್ ಮೊಸರಿನಲ್ಲಿ ಕಲ್ಲು ಹುಡುಕಿದರು, ಸಿಗಲಿಲ್ಲ. ಇನ್ನೊಂದು ಸುತ್ತು ಹೊಡೆಸಿದರು. ಬೇರೆ ಯಾರಿಗೂ ಎರಡನೆಯ ಸುತ್ತು ಇರಲಿಲ್ಲ. ಕಾರು ನಿಲ್ಲುವ ಹೊತ್ತಿಗೆ ಅಂತೂ ಒಂದು ಸಿಕ್ಕಿತು.

"ಕನ್ನಡಿ ನೋಡ್ಲಿಲ್ಲ ನೀವು."

"ನೋಡಿದ್ನಲ್ಲ!"

"ಕಣ್ಣು ಮಾತ್ರ ಹೊರಳ್ತು. ತಲೆ ತಿರುಗ್ಬೇಕು. ಫೇಲ್."

ಆಕೆ ಕೈಬ್ರೇಕು ಎಳೆದು ಗಂಡನ ಕಡೆಗೆ ಪೂರ್ತಿ ತಲೆ ತಿರುಗಿಸಿದಳು. "ರೀ, ನಿಜ ಹೇಳಿ. ಬೇರೆಯವಳಾಗಿದ್ರೆ?"

ಸುಳ್ಳು ಹೇಳುವುದು ಅವರ ಜಾಯಮಾನದಲ್ಲೇ ಇರಲಿಲ್ಲ. "ಪಾಸಾಗ್ತಿದ್ಲು."

"ಮತ್ತೆ ನಾನೇನು ಪಾಪ ಮಾಡಿದ್ದೆ?"

"ಅರ್ಥ ಮಾಡ್ಕೊಳೇ. ಹೆಂಡ್ತಿ ಅಂತ ಪಾಸು ಮಾಡ್ಬಿಟ್ಟ ಅಂತ ನಾಲ್ಕು ಜನ ಆಡ್ಕೊಳಲ್ವಾ?"

"ಅಂದ್ರೆ ಪರೀಕ್ಷೆ ನಡೆದಿದ್ದು ನಿಮಗೆ. ಪಾಸಾದ್ರಲ್ಲ, ಬಿಡಿ."

ದನಿಯೇನೋ ಗಟ್ಟಿಯಾಗಿಯೇ ಇತ್ತು, ಆದರೆ ಕೆಲಸ ಕೈತಪ್ಪಿದ ಸಂಕಟಕ್ಕೆ ಕಣ್ಣು ತುಂಬಿಬಂತು. ಸೆರಗಿನಲ್ಲಿ ಒರೆಸಿಕೊಂಡು ಇಳಿದುಹೋದಳು. ಸುದ್ದಿ ತಿಳಿದ ಸರದಿಯವರು ಮೂಗಿನ ಮೇಲೆ ಬೆರಳಿಟ್ಟರು. "ಹೆಂಡ್ತೀನೂ ಬಿಡ್ಲಿಲ್ಲ ನೋಡಪ್ಪ, ಮನುಷ್ಯ ಅಂದ್ರೆ ಹೀಗಿರ್ಬೇಕು!" ಆ ಮಾತು ಕಿವಿಗೆ ಬಿದ್ದು ಇನ್ಸ್‌ಪೆಕ್ಟರ್ ಕಾಲರ್ ಸರಿಮಾಡಿಕೊಂಡರು. ಹೆಂಡತಿ ಹೋದ ದಿಕ್ಕಿಗೆ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಸಂಜೆ ಮನೆಗೆ ಹೊರಟಾಗ ಮತ್ತೆ ಆಕೆಯೇ ಕಾರು ಓಡಿಸಿದಳು. ಕಲಿಯುವವರ ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತರೆ ಕಾನೂನಿನ ಅಡ್ಡಿಯಿಲ್ಲ. ಆಫೀಸುಗಳು ಬಿಟ್ಟ ಹೊತ್ತು, ರಸ್ತೆ ಗಿಜಿಗುಡುತ್ತಿತ್ತು. ಬಸ್ಸೊಂದು ಮೈಮೇಲೆ ಬರುವಂತೆ ನುಗ್ಗಿತು, ಸ್ಕೂಟರಿನವನೊಬ್ಬ ಎಲ್ಲಿಂದಲೋ ಅಡ್ಡ ಬಂದ. ಆಕೆ ಎಲ್ಲರಿಗೂ ದಾರಿ ಕೊಡುತ್ತ, ತನ್ನ ದಾರಿ ಬಿಡಿಸಿಕೊಳ್ಳುತ್ತ ದೊಡ್ಡ ವೃತ್ತದ ಸಿಗ್ನಲ್ಲಿಗೆ ಬಂದು ನಿಂತಳು. ಆಗಲೇ ಗೊರ ಗೊರ ಸದ್ದು ಕೇಳಿ ಪಕ್ಕಕ್ಕೆ ನೋಡಿದ್ದು. ಇನ್ಸ್‌ಪೆಕ್ಟರ್ ಸಾಹೇಬರು ಸೀಟಿಗೆ ತಲೆಯಾನಿಸಿ, ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು.

ಆಕೆ ಜೋರಾಗಿ ಹಾರ್ನ್ ಒತ್ತಿದಳು.

"ಏನಾಯ್ತು? ಯಾರಿಗೆ ಗುದ್ದಿದೆ?" ಅವರು ಬೆಚ್ಚಿಬಿದ್ದು ಎದ್ದರು.

"ಯಾರಿಗೂ ಇಲ್ಲ. ಫೇಲಾದವಳ ಪಕ್ಕ ಕೂತು ಇಷ್ಟು ಚೆನ್ನಾಗಿ ನಿದ್ದೆ ಹೇಗೆ ಬಂತು ಅಂತ ಕೇಳೋಣ ಅನ್ನಿಸ್ತು."