ಒಂದು ಮುಷ್ಟಿ ಹೊಯ್ಗೆ

ಸಮುದ್ರ ಬತ್ತಿದ ವರ್ಷ ಕರಾವಳಿ ಬಿಟ್ಟವರೆಲ್ಲ ಗಾಜಿನ ತೊಟ್ಟಿಗಳಲ್ಲಿ ತಮ್ಮೂರಿನ ನೀರು, ಮರಳು, ಹವಳ, ಮೀನು ತುಂಬಿಕೊಂಡು ಬಂದರು. ದಾವಣಗೆರೆಯ ನಮ್ಮ ಮೂರನೇ ಮಹಡಿಯಲ್ಲಿರುವುದು ಗಂಗೊಳ್ಳಿಯ ಸಮುದ್ರ. ದಿನಕ್ಕೆರಡು ಸಲ ಭರತ, ಅಂದರೆ ಸಮುದ್ರದ ಉಬ್ಬರ, ಬಂದು ತೊಟ್ಟಿಯ ನೀರು ನಾಲ್ಕು ಬೆರಳು ಏರುತ್ತದೆ, ಮತ್ತೆ ಇಳಿಯುತ್ತದೆ. ಅಜ್ಜಿಗೆ ಊರಿನದೆಂದು ಉಳಿದಿರುವುದು ಅದೊಂದೇ.

ಗಾಜು ಸೋರುತ್ತಿತ್ತು. ಭಾನುವಾರ ಇಳಿತದ ಹೊತ್ತಿಗೆ ಮೀನು, ಹವಳಗಳನ್ನೆಲ್ಲ ಬಕೆಟ್ಟಿಗೆ ಹಾಕಿ ಹೊಸ ತೊಟ್ಟಿ ಕೂರಿಸಿದೆ. ಹಳೇ ನೀರನ್ನೇ ತುಂಬಿದೆ. ತಳದ ಮರಳು ಮಾತ್ರ ಕಪ್ಪಗಿತ್ತು, ನಲ್ಲಿ ನೀರಿನಲ್ಲಿ ಏಳು ಸಲ ತೊಳೆದೆ. ಎಷ್ಟು ಬೆಳ್ಳಗಾಯಿತೆಂದರೆ ಫೋಟೋ ಕೂಡ ತೆಗೆದೆ. ಅದನ್ನು ತಳಕ್ಕೆ ಹಾಸಿ ಮೀನು, ಹವಳಗಳನ್ನು ಮತ್ತೆ ಬಿಟ್ಟೆ.

ಹನ್ನೊಂದೂಕಾಲಿಗೆ ಭರತ ಬರಬೇಕಿತ್ತು. ಬರಲಿಲ್ಲ.

“ಹೊಯ್ಗೆ ತೊಳ್ದ್ಯಾ ಹೆಣ್ಣೇ?” ಅಜ್ಜಿ ಕೇಳಿದರು. “ಸಮುದ್ರ ಯಾರಾರು ತೊಳೀತ್ರಾ?”

“ಗಲೀಜಿತ್ತಲ್ಲ ಅಜ್ಜಿ!”

“ಆ ಗಲೀಜೇ ಗಂಗೊಳ್ಳಿ. ಕೆಳ್ಗಿನ್ ಮನೆಗ್ ಹೋಯಿ ಒಂದ್ ಮುಷ್ಟಿ ಹೊಯ್ಗೆ ತಕಂಬಾ. ಮೊಸ್ರಿಗ್ ಹೆಪ್ಪ್ ಹಾಕುದಿಲ್ಯಾ, ಹಂಗೆ.”

ಕೆಳಗಿನ ಮನೆಯ ತಾಂಡೇಲ ಆಂಟಿ ಕಾರವಾರದವರು. ನಡೆದದ್ದು ಕೇಳಿ, ತಮ್ಮ ತೊಟ್ಟಿಯಿಂದ ಒಂದು ಲೋಟ ಮರಳು ತೋಡಿಕೊಟ್ಟು, “ಇದಕ್ಕೂ ಸೋಪು ಹಾಕ್ಬೇಡ ಮತ್ತೆ” ಎಂದು ನಕ್ಕರು.

ಮರಳು ಸುರಿದು ಕಾದೆವು. ಹನ್ನೊಂದೂವರೆಗೆ ನೀರು ಏರಿತು. ನಾನು ಕುಣಿದೆ. ಅಜ್ಜಿ ಗಡಿಯಾರ ನೋಡಿದರು.

“ಕಾಲ್ ಗಂಟೆ ತಡ. ಇದ್ ಕಾರವಾರದ್ ಭರತ.”

ಅಜ್ಜಿ ಗಾಜಿನ ಹತ್ತಿರ ಬಗ್ಗಿ ಸ್ವಲ್ಪ ಹೊತ್ತು ನೋಡಿ, ದನಿ ತಗ್ಗಿಸಿದರು.

“ಮೀನಿಗ್ ಹೇಳ್ಬೇಡ.”