ಮಾಸದ ಬಣ್ಣ

ರಸ್ತೆ ಅಗೆಸಿದ ಗುತ್ತಿಗೆದಾರ ಅದೇ ರಸ್ತೆಯ ಬೋರ್ಡಂಗಡಿಗೆ ಬಂದ. 'ಕಾಮಗಾರಿ ಪ್ರಗತಿಯಲ್ಲಿದೆ' ಎಂದು ದೊಡ್ಡ ದೊಡ್ಡ ಬೋರ್ಡುಗಳನ್ನು ಬರೆಯಲು ರೇಟು ಕೇಳಿದ. ಅಂಗಡಿಯಾಕೆ ತಗಡು, ಬಣ್ಣ, ಕೂಲಿಯ ಜೊತೆಗೆ ಬಾಡಿಗೆ, ಕರೆಂಟನ್ನೂ ಸೇರಿಸಿ ಹೇಳಿದಳು.

"ನಿನ್ನಂಗಡಿ ಬಾಡಿಗೆ ನಾನ್ಯಾಕಮ್ಮ ಕಟ್ಲಿ?"

"ನೀವು ರಸ್ತೆ ಅಗೆದ್ಮೇಲೆ ಬೇರೆ ಗಿರಾಕಿ ಎಲ್ಲಿ ಬರ್ತಾರಣ್ಣ? ಈ ಕೆಲಸದಲ್ಲೇ ಎಲ್ಲ ಹುಟ್ಟಬೇಕು."

"ಆಗಲ್ಲ, ಇಳಿಸು."

"ಇಳಿಸ್ತೀನಿ. ಆದ್ರೆ ಅಗ್ಗದ ಬಣ್ಣ ಬಳೀತೀನಿ, ಒಂದು ಮಳೆಗಾಲಕ್ಕೆ ಅಳಿಸಿಹೋಗುತ್ತೆ. ಹೇಗೂ ಅಷ್ಟರಲ್ಲಿ ರಸ್ತೆ ಮುಗಿದಿರುತ್ತಲ್ಲ?"

ಗುತ್ತಿಗೆದಾರ ಹೊರಗಿನ ಗುಂಡಿಯನ್ನು ನೋಡಿದ, ತಲೆ ಕೆರೆದುಕೊಂಡ.

"ಬಾಡಿಗೆ, ಕರೆಂಟು ಎಲ್ಲಾ ಸೇರಿಸ್ಕೊಳಮ್ಮ. ಐದು ವರ್ಷ ಮಾಸದ ಬಣ್ಣ ಹಾಕು."