ಕನ್ನಡಿಯ ಮೂಲೆಯ ನೊರೆ

ಗಂಡನ ತಿಥಿ ಮುಗಿದ ಮರುದಿನ ಬೆಳಿಗ್ಗೆ ಸುಗುಣ ಕನ್ನಡಿಯನ್ನು ಎದೆಗವಚಿಕೊಂಡು ಗುಂಡ್ಲುಪೇಟೆಯ ಕಿವುಡ ಮಕ್ಕಳ ವಸತಿಶಾಲೆಯ ತರಗತಿಗೆ ಬಂದಳು. ಮನೆಯ ಕನ್ನಡಿ ಒಡೆದಿತ್ತೆಂದು, ಅಲ್ಲಿ ಮೇಷ್ಟ್ರಾಗಿದ್ದ ಅವಳ ಗಂಡ ಶಾಂತರಾಜು ಗಡ್ಡ ಹೆರೆದುಕೊಳ್ಳಲು ತರಗತಿಯದನ್ನೇ ಒಂದು ಶನಿವಾರ ಕೇಳಿ ತಂದಿದ್ದ. ಮೂಲೆಯಲ್ಲಿ ಅವನ ಸೋಪಿನ ನೊರೆ ಒಣಗಿ ಅಂಟಿತ್ತು. ಅವಳು ಅದನ್ನು ಒರೆಸಿರಲಿಲ್ಲ.

“ಯೋಳಿ ಕಳ್ಸಿದ್ರೆ ನಾನೇ ಬತ್ತಿದ್ದೆ ಕನವ್ವ,” ಎಂದಳು ಆಯಾ ಚಿಕ್ಕತಾಯಮ್ಮ. “ಕನ್ನಡಿ ಇಲ್ದೆ ಪಾಠನೂ ನಿಂತೋಗದೆ. ಮೇಷ್ಟ್ರು ಊರಿಗೋಗವ್ರೆ ಅಂತ ಮಕ್ಕಳ್ಗೆ ಕೈಲಿ ತೋರ್ಸ್ಬುಟ್ಟಿವಿ. ಇನ್ನೇನ್ ಮಾಡನ?”

ಅಷ್ಟರಲ್ಲಿ ಉಡಿಗಾಲ ಊರಿನ ಎಂಟು ವರ್ಷದ ಭವ್ಯ ಓಡಿಬಂದು ಕನ್ನಡಿಯನ್ನು ಕಸಿದುಕೊಂಡಳು. ಅತ್ತ ತಿರುಗಿ ಕೂತು, ಲಂಗದ ಅಂಚಿಗೆ ಉಗುಳು ಹಚ್ಚಿ ಮೂಲೆಯನ್ನು ತಿಕ್ಕತೊಡಗಿದಳು. “ಬೇಡ,” ಎಂದಳು ಸುಗುಣ. ಇನ್ನೂ ಜೋರಾಗಿ, “ಬೇಡ.” ಕೂಗುತ್ತಿರುವುದು ಕಿವಿ ಕೇಳದ ಮಗುವಿಗೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಹುಡುಗಿಯ ಬೆನ್ನ ಹಿಂದೆ ಬರುವಷ್ಟರಲ್ಲಿ ನೊರೆ ಹೋಗಿತ್ತು. ಮೂರನೆಯ ಸಲ ತುಟಿಗಳಷ್ಟೇ ಅಲುಗಿದವು, ದನಿ ಬರಲಿಲ್ಲ.

ಒರೆಸಿ ಮುಗಿಸಿದ ಭವ್ಯಳಿಗೆ ಕನ್ನಡಿಯಲ್ಲಿ ಆ ತುಟಿಗಳು ಕಂಡವು. ಕನ್ನಡಿಯೊಳಗಿನ ತುಟಿ ಏನು ಹೇಳುತ್ತದೋ ಅದನ್ನೇ ಹೇಳಬೇಕೆಂದು ಮೇಷ್ಟ್ರು ಕಲಿಸಿದ್ದರು. ಅವಳು ಗಂಟಲ ಮೇಲೆ ಬೆರಳಿಟ್ಟುಕೊಂಡು, ಒಡಕು ದನಿಯಲ್ಲಿ, ಆದರೆ ಸ್ಪಷ್ಟವಾಗಿ, “ಬೇ...ಡ” ಎಂದಳು. ಸರಿಯೇ ಎಂದು ತಿರುಗಿ ನೋಡಿ ನಕ್ಕಳು.

ಸುಗುಣ ಹೌದೆಂದು ತಲೆಯಾಡಿಸಿದಳು. ಆಮೇಲೆ ಅವಳ ಕೈಯಿಂದ ಕನ್ನಡಿಯನ್ನು ತೆಗೆದುಕೊಂಡು, ಗೋಡೆಯ ಮೊಳೆಗೆ ತಗುಲಿಹಾಕಿದಳು.